ಹಗಲು ಬಂದ ಬಾವಲಿ

ನಮ್ಮೂರಿನಲ್ಲಿ ಬಾವಲಿ ಹೆಸರು ಹಿಡಿದು ಕರೆಯದವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಅವನನ್ನು ಸಾಕ್ಷಿಗೆ ಕೂರಿಸುವುದಿಲ್ಲ, ಮದುವೆ ಊಟದಲ್ಲಿ ಮೊದಲ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕುವುದಿಲ್ಲ. ನನ್ನ ತಮ್ಮ ಕುಬೇರನಿಗೆ ಮೂವತ್ತನಾಲ್ಕು ತುಂಬುವವರೆಗೂ ಯಾವ ಬಾವಲಿಯೂ ಅವನ ಹೆಸರು ಎತ್ತಿರಲಿಲ್ಲ. ಹೆಸರೇನೋ ಕುಬೇರ, ಊರಿನ ಹಾಜರಿ ಪುಸ್ತಕದಲ್ಲಿ ಅವನದು ಅಂತ ಒಂದು ಸಾಲೂ ಇರಲಿಲ್ಲ. ಆ ಪುಸ್ತಕ ಬರೆಯುವವಳು ನಾನೇ.

ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಮೂರು ಹಿಪ್ಪೆ ಮರಗಳ ಬುಡದ ಕಟ್ಟೆಗೆ ಊರೆಲ್ಲ ಬಂದು ನಿಲ್ಲುತ್ತದೆ. ಬಾವಲಿಗಳು ಮೇಯಲು ಹಾರುವ ಮೊದಲು ಒಂದೊಂದಾಗಿ ತಮ್ಮ ತಮ್ಮ ಮನುಷ್ಯರನ್ನು ಕರೆಯುತ್ತವೆ. ಮೂರು ಸಲ ಕರೆಯುತ್ತವೆ, ಅಷ್ಟರೊಳಗೆ ‘ಇದ್ದೀನಿ’ ಎನ್ನಬೇಕು. ಅಂದವರ ಹೆಸರಿನ ಮುಂದೆ ನಾನು ಗೀಟು ಹಾಕುತ್ತೇನೆ. ಹುಷಾರಿಲ್ಲದವರನ್ನು ಮಂಚದ ಸಮೇತ ಹೊತ್ತು ತರುತ್ತಾರೆ, ಒಬ್ಬರ ಪರವಾಗಿ ಇನ್ನೊಬ್ಬರು ಓಗೊಡುವ ಹಾಗಿಲ್ಲ. ಸತತ ಮೂರು ಸಂಜೆ ಉತ್ತರ ಬರದಿದ್ದರೆ ಹೆಸರಿನ ಮೇಲೆ ಅಡ್ಡಗೆರೆ ಬೀಳುತ್ತದೆ. ಅಡ್ಡಗೆರೆ ಬಿದ್ದವರು ಆಮೇಲೆ ಎಷ್ಟು ಗಟ್ಟಿಯಾಗಿ ಓಡಾಡಿದರೂ ಊರಿನ ಪಾಲಿಗೆ ಸತ್ತವರೇ. ಅವರೊಡನೆ ಯಾರೂ ಮಾತಾಡುವುದಿಲ್ಲ.

ಈ ಪುಸ್ತಕ ಅಮ್ಮನ ಕೈಯಿಂದ ನನ್ನ ಕೈಗೆ ಬಂತು. ಅಮ್ಮ ತೀರಿಕೊಂಡಾಗ ಕುಬೇರನಿಗೆ ಹನ್ನೊಂದು, ನನಗೆ ಇಪ್ಪತ್ತು. ನಾನು ಮದುವೆಯಾಗಲಿಲ್ಲ. ಆಗಲಿಲ್ಲ ಅನ್ನುವುದಕ್ಕಿಂತ ಅವನನ್ನು ಬೆಳೆಸುವುದರಲ್ಲಿ ಪುರುಸೊತ್ತಾಗಲಿಲ್ಲ ಅನ್ನಬೇಕು. ಸಾಮಾನ್ಯವಾಗಿ ಮಕ್ಕಳಿಗೆ ಹಾಲುಹಲ್ಲು ಬೀಳುವ ಹೊತ್ತಿಗೆ ಮೊದಲ ಕರೆ ಬರುತ್ತದೆ. ಇವನಿಗೆ ಹಾಲುಹಲ್ಲು ಬಿತ್ತು, ಬುದ್ಧಿಹಲ್ಲು ಬಂತು, ಕರೆ ಮಾತ್ರ ಬರಲಿಲ್ಲ. ಆದರೂ ಒಂದು ಸಂಜೆಯನ್ನೂ ತಪ್ಪಿಸಿದವನಲ್ಲ. ಹೆಂಚು ಹೊದಿಸುವ ಕೆಲಸ ಮುಗಿಸಿ, ಮೈ ತೊಳೆದು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕಟ್ಟೆಯ ಅಂಚಿನಲ್ಲಿ ನಿಲ್ಲುತ್ತಿದ್ದ. ‘ನನ್ ಬಾವಲಿಗೆ ಮರೆವು ಕಣಕ್ಕ, ನೆನಪಾದ್ ದಿನ ಕರೀತದೆ’ ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಅವತ್ತು ಮಧ್ಯಾಹ್ನ ನಾನು ಅಂಗಳದಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ಕುಬೇರ ನಮ್ಮದೇ ಮಾಡಿನ ಒಡೆದ ಹೆಂಚು ತೆಗೆಯುತ್ತಿದ್ದ. ಯಾರೋ ಅವನ ಹೆಸರು ಕರೆದರು. ಪಕ್ಕದ ಮನೆಯವರಿರಬೇಕು ಅಂದುಕೊಂಡೆ. ಮತ್ತೆ ಕರೆಯಿತು. ತಿರುಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬಾವಲಿ, ಸುಡು ಬಿಸಿಲಿನಲ್ಲಿ, ರೆಕ್ಕೆಯ ಮೊಣಕೈ ಊರಿಕೊಂಡು ತೆವಳುತ್ತಿತ್ತು. ಅದರ ಎಡಗಿವಿ ಸೀಳಿತ್ತು. ಬಾಯಂಚಿನಲ್ಲಿ ಜೊಲ್ಲು ನೊರೆಗಟ್ಟಿತ್ತು. ಆ ನೊರೆಯನ್ನು ನಾನು ನೋಡಿದೆ. ನೋಡಿಯೂ, ಪಾಪ, ಬಿಸಿಲಿಗೆ ಬಾಯಾರಿದೆ ಅಂದುಕೊಂಡೆ.

ಕುಬೇರ ಏಣಿ ಇಳಿದು ಬಂದ. ಅದರ ಮುಂದೆ ಮಂಡಿಯೂರಿ ಕೂತು ‘ಇದ್ದೀನಿ’ ಅಂದ. ಎಷ್ಟು ಮೆಲ್ಲಗೆ ಅಂದನೆಂದರೆ, ಇಷ್ಟು ವರ್ಷ ಅವನು ಈ ಮಾತನ್ನು ಒಬ್ಬನೇ ಇದ್ದಾಗ ಹೇಳಿಕೊಂಡು ಅಭ್ಯಾಸ ಮಾಡಿದ್ದಾನೆ ಎಂದು ನನಗೆ ಆಗ ತಿಳಿಯಿತು. ಎರಡೂ ಕೈಯಲ್ಲಿ ಎತ್ತಿಕೊಂಡ. ಅದು ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು, ಬಿಡಲೇ ಇಲ್ಲ. ರಕ್ತ ಜಿನುಗಿತು. ಕುಬೇರ ನಗುತ್ತಿದ್ದ, ಅಳುತ್ತಲೂ ಇದ್ದ. ಹಗಲಲ್ಲಿ ಮನೆಬಾಗಿಲಿಗೆ ಬಂದು ಕರೆದು ಹಲ್ಲು ಗುರುತು ಹಾಕಿದ ಬಾವಲಿಯ ವಿಷಯವನ್ನು ನಾವು ಅಜ್ಜಿಯ ಬಾಯಲ್ಲಿ ಕೇಳಿದ್ದೆವು ಅಷ್ಟೆ.

ಅವನ ಕೈಯೆಲ್ಲ ಮಣ್ಣಾಗಿತ್ತು. ಬಾವಲಿಯನ್ನು ನನ್ನ ಸೆರಗಿಗೆ ಹಾಕಿ ತೊಟ್ಟಿಯ ಕಡೆ ಹೊರಟ. ಹಲ್ಲು ಗುರುತನ್ನು ಇಪ್ಪತ್ತೊಂದು ದಿನ ತೊಳೆಯಬಾರದು, ತೊಳೆದರೆ ಬಾವಲಿ ಮತ್ತೆ ಕರೆಯುವುದಿಲ್ಲ ಅನ್ನುವುದು ನಮ್ಮ ನಂಬಿಕೆ. ‘ತೊಳೀಬೇಡ ಕಣೋ!’ ಎಂದು ಕಿರುಚಿ ಅವನ ಮಣಿಕಟ್ಟು ಹಿಡಿದುಕೊಂಡೆ. ‘ಮಣ್ಣಾಗದೆ ಕಣಕ್ಕ’ ಅಂದ. ‘ಮಣ್ಣಿದ್ರೆ ಇರ್ಲಿ’ ಅಂದೆ. ಅವನು ಚಿಕ್ಕ ಮಗುವಿನಂತೆ ಮಾತು ಕೇಳಿದ. ಇವತ್ತಿಗೂ ಕೈ ಮುಷ್ಟಿ ಮಾಡಿದರೆ ಆ ಮಣಿಕಟ್ಟು ನನ್ನ ಬೆರಳೊಳಗೆ ಇರುವಂತೆ ಅನಿಸುತ್ತದೆ.

ಸುದ್ದಿ ಊರೆಲ್ಲ ಹಬ್ಬಿತು. ಮಜ್ಜಿಗೆ ಮಾರುವ ದ್ಯಾವೀರಮ್ಮ ತಲೆ ಮೇಲಿನ ಗಡಿಗೆಯನ್ನು ನಮ್ಮ ಅಂಗಳದಲ್ಲೇ ಇಳಿಸಿ ಬಂದವರಿಗೆಲ್ಲ ಪುಕ್ಕಟೆ ಮಜ್ಜಿಗೆ ಹೊಯ್ದಳು. ಸಂಜೆ ಹಾಜರಿಯಲ್ಲಿ ಅವಳ ‘ಇದ್ದೀನಿ’ ಎಂದರೆ ಕೆರೆಯಾಚೆಗೂ ಕೇಳುವಂಥದ್ದು. ‘ನಂಗೂ ಎರಡು ತಿಂಗ್ಳ ಹಿಂದೆ ಕೆಳಗೆ ಬಿದ್ದಿದ್ದ ಒಂದನ್ನ ಎತ್ತಿ ಮರಕ್ಕೆ ನೇತಾಕ್ತಿದ್ದಾಗ ಹಲ್ಲು ಮುಟ್ಟಿಸ್ತು ಕಣೋ ಕುಬೇರ, ನಾವಿಬ್ರೂ ಒಂದೇ ಈಗ’ ಎಂದು ಅವನ ಬೆನ್ನಿಗೆ ಗುದ್ದಿದಳು. ಕಟ್ಟೆಯ ಯಜಮಾನರಾದ ಚೌಡಪ್ಪನವರು ತಾವೇ ನಡೆದು ಬಂದರು. ಪುಸ್ತಕ ತೆಗೆಸಿದರು. ನಾನು ‘ಕುಬೇರ’ ಎಂದು ಬರೆದೆ. ಅಕ್ಷರ ವಕ್ರವಾಯಿತು. ಇಷ್ಟು ವರ್ಷದಲ್ಲಿ ನಾನು ಬರೆದ ಅತ್ಯಂತ ಕೆಟ್ಟ ಬರಹ ಅದು, ಎಷ್ಟು ಸಲ ನೋಡಿದರೂ ಸಾಲದಾಯಿತು. ಸಂಜೆ ಕುಬೇರ ಬಾವಲಿಯನ್ನು ಒಯ್ದು ಮರಕ್ಕೆ ನೇತುಹಾಕಿದ. ಅದು ನಡುಗುತ್ತ ನೇತಾಡಿತು, ಏನೂ ಕರೆಯಲಿಲ್ಲ. ಮಧ್ಯಾಹ್ನವೇ ಕರೆದಾಗಿದೆಯಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು.

ಮರುದಿನ ಬೆಳಗ್ಗೆ ಕಟ್ಟೆ ಗುಡಿಸುವವಳು ಮರದ ಬುಡದಲ್ಲಿ ಬಿದ್ದಿದ್ದ ಐದು ಬಾವಲಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಕೊಟ್ಟು ಬಂದಳು. ನಮ್ಮೂರಿಗೆ ಒಂದೇ ಆಸ್ಪತ್ರೆ, ದನಕ್ಕೂ ಅದೇ, ಜನಕ್ಕೂ ಅದೇ. ಅಲ್ಲಿಗೆ ಬಂದು ಮೂರು ತಿಂಗಳಾಗಿದ್ದ ಡಾಕ್ಟರ್ ಎಸ್ತರ್ ಒಳ್ಳೆಯವರು, ಕಟ್ಟೆಯ ಕಡೆ ಮಾತ್ರ ಬಂದವರಲ್ಲ. ಪರ ಊರಿನವರು, ಅವರನ್ನು ಯಾವ ಬಾವಲಿ ಕರೆಯಬೇಕು? ಬುಟ್ಟಿಯ ವಿಷಯ ಕೇಳಿ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಕುಬೇರ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಊರು ಸುತ್ತುತ್ತಿದ್ದ. ಚೌಡಪ್ಪನವರ ತಂಗಿ ಮನೆಯಿಂದ ಜಾತಕ ಕೇಳಿದ್ದರು. ನಾನು ಅಮ್ಮನ ಕಾಲದ ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಿದ್ದೆ.

ಏಳನೆಯ ಸಂಜೆ ಕಟ್ಟೆಯಲ್ಲಿ ಬಾವಲಿ ದ್ಯಾವೀರಮ್ಮನನ್ನು ಕರೆಯಿತು. ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಎರಡನೆಯ ಸಲ ಕರೆಯಿತು. ಅವಳ ಗಂಟಲು ಕುಪ್ಪಳಿಸುತ್ತಿತ್ತು, ಕತ್ತಿನ ನರಗಳು ಹುರಿಗೊಂಡಿದ್ದವು, ಎರಡೂ ಕೈಯಿಂದ ಕತ್ತು ಹಿಡಿದುಕೊಂಡಿದ್ದಳು. ಯಾರೋ ಚೊಂಬಿನಲ್ಲಿ ನೀರು ತಂದರು. ನೀರು ಕಂಡದ್ದೇ ತಡ, ಅವಳು ಬೆಂಕಿ ಕಂಡವಳಂತೆ ಹಿಂದಕ್ಕೆ ಹಾರಿ ಚೊಂಬನ್ನು ಹೊಡೆದು ಬೀಳಿಸಿದಳು. ನೆಲದ ಮೇಲೆ ಹರಿದ ಆ ನೀರನ್ನು ನೋಡುತ್ತ ನಿಂತ ಅವಳ ಕಣ್ಣು ನನಗೆ ಮರೆಯುವುದಿಲ್ಲ. ದಿನವಿಡೀ ಮಜ್ಜಿಗೆಯಲ್ಲಿ ಕೈಯಾಡಿಸುವ ಹೆಂಗಸು. ಮೂರನೆಯ ಕರೆಯೂ ಮುಗಿಯಿತು. ನನ್ನ ಕೈಯಲ್ಲಿ ಪೆನ್ನು ಹಾಗೇ ನಿಂತಿತು. ಅವಳ ಸಾಲಿನಲ್ಲಿ ಮೊದಲ ಬಾರಿಗೆ ಖಾಲಿ ಜಾಗ ಬಿಟ್ಟೆ.

ಅದಾದ ಮೂರನೆಯ ದಿನ ಮಧ್ಯಾಹ್ನ ಅವಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾನು ಸಾವು ನೋಡದವಳೇನಲ್ಲ, ಆದರೆ ಗಂಟಲು ತುಂಬ ದನಿ ಇಟ್ಟುಕೊಂಡವಳು ಒಂದು ಮಾತು ಹೇಳಲಾಗದೆ ಹೋಗುವುದನ್ನು ನೋಡಿರಲಿಲ್ಲ. ಊರು ಮಾತ್ರ ಬೇಗ ಕಾರಣ ಹುಡುಕಿತು. ‘ಮಜ್ಜಿಗೆ ಕೈ ಅಲ್ವಾ, ಗುರುತು ತೊಳೆದುಹೋಯ್ತು. ಅದಕ್ಕೇ ಬಾವಲಿ ಅವಳ ದನಿ ವಾಪಸ್ ತಗೊಂಡ್ತು’ ಎಂದರು ಚೌಡಪ್ಪನವರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆನೋ ಏನೋ, ನೆನಪಿಲ್ಲ.

ಅಂದೇ ಡಾಕ್ಟರ್ ಎಸ್ತರ್ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಕೇಳಿದರು, ‘ಬಾವಲಿ ಕಚ್ಚಿದವರ ಹೆಸರು ನಿಮ್ಮ ಪುಸ್ತಕದಲ್ಲಿ ಇರುತ್ತಾ?’

‘ಕಚ್ಚೋದಲ್ಲ, ಗುರುತು’ ಅಂದೆ.

‘ಆಗಲಿ, ಗುರುತು. ವನಮಾಲಮ್ಮ, ಬುಟ್ಟೀಲಿ ಬಂದ ಬಾವಲಿಗಳ ಮಿದುಳನ್ನ ನಗರಕ್ಕೆ ಪರೀಕ್ಷೆಗೆ ಕಳಿಸಿದ್ದೆ. ಇವತ್ತು ವರದಿ ಬಂತು. ಹುಚ್ಚುನಾಯಿ ಕಾಯಿಲೆ ತರೋ ವೈರಸ್ ಇದೆಯಲ್ಲ, ಅದರ ದಾಯಾದಿ ಇದು. ಬಾವಲಿಗಳಲ್ಲೇ ಇರೋದು. ಎಲ್ಲ ಬಾವಲಿಗೂ ಬಂದಿಲ್ಲ, ಬಂದಿರೋವು ಹಗಲಲ್ಲಿ ಹೊರಗೆ ಬರ್ತವೆ, ನೆಲಕ್ಕೆ ಬೀಳ್ತವೆ, ಕಚ್ತವೆ. ದ್ಯಾವೀರಮ್ಮ ಸತ್ತಿದ್ದು ಅದರಿಂದ.’

ಗೋಡೆ ಹಿಡಿದುಕೊಂಡೆ. ‘ನನ್ ತಮ್ಮನಿಗೆ ಹತ್ತು ದಿನ ಆಯ್ತು’ ಅಂದೆ.

‘ಗಾಯ ಸೋಪು ಹಾಕಿ ತೊಳೆದ್ರಾ?’

‘ಇಲ್ಲ. ಅವನು ಹೊರಟಿದ್ದ. ನಾನೇ ಬೇಡ ಅಂತ ಹಿಡ್ಕೊಂಡೆ.’

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ಕಾಯಿಲೆ ಶುರುವಾದ ಮೇಲೆ ಯಾರ ಕೈಲೂ ಏನೂ ಆಗಲ್ಲ. ಶುರುವಾಗೋದಕ್ಕೆ ಮುಂಚೆ ಇಂಜೆಕ್ಷನ್ ಕೊಟ್ಟರೆ ಉಳಿಸಬಹುದು. ದಾಯಾದಿ ವೈರಸ್ ಆದ್ದರಿಂದ ಪೂರ್ತಿ ಭರವಸೆ ಕೊಡಲಾರೆ, ಆದರೆ ಇರೋದು ಅದೊಂದೇ ದಾರಿ. ಇವತ್ತೇ ಕರ್ಕೊಂಡು ಬನ್ನಿ’ ಎಂದು ಹೇಳಿ, ಇದೇ ಮಾತು ತಿಳಿಸಲು ಚೌಡಪ್ಪನವರ ಮನೆಯ ಕಡೆ ಹೋದರು.

ಕುಬೇರ ಕೆಲಸದಿಂದ ಬಂದ. ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಂಡು, ‘ನಾನು ಬರಲ್ಲಕ್ಕ’ ಅಂದ.

‘ಯಾಕೋ?’

‘ಸೂಜಿ ಚುಚ್ಚಿಸ್ಕೊಂಡ್ರೆ ಏನರ್ಥ? ಅದು ನನ್ ಬಾವಲಿ ಅಲ್ಲ, ಯಾವ್ದೋ ಹುಚ್ಚು ಹಿಡಿದಿದ್ದು ಬಾಯಿಗೆ ಬಂದ ಹೆಸ್ರು ಒದರ್ತು ಅಂತ ನಾನೇ ಒಪ್ಕೊಂಡಂಗೆ. ಚೌಡಪ್ಪನೋರು ಆಗ್ಲೇ ಹೇಳವ್ರೆ, ಸೂಜಿ ಹಾಕಿಸ್ಕೊಂಡೋರ ಹೆಸ್ರು ಪುಸ್ತಕದಲ್ಲಿ ಇರೋಕಾಗಲ್ಲ ಅಂತ.’

‘ಸತ್ತೋಗ್ತೀಯ ಕಣೋ! ದ್ಯಾವೀರಮ್ಮನ್ನ ನೋಡ್ಲಿಲ್ವಾ?’

‘ಅವಳು ಗುರುತು ತೊಳ್ಕೊಂಡ್ಳು. ನೀನು ನನ್ನ ತೊಳ್ಕೊಳ್ಳೋಕೆ ಬಿಡ್ಲಿಲ್ಲ. ಒಳ್ಳೇದೇ ಮಾಡ್ದೆ.’ ಆಮೇಲೆ ನನ್ನ ಮುಖ ನೋಡದೆ, ‘ಸತ್ರೂ ಪುಸ್ತಕದಲ್ಲಿದ್ದು ಸಾಯ್ತೀನಿ ಬಿಡು’ ಅಂದ.

ಕೈಯಲ್ಲಿದ್ದ ಸೌಟನ್ನು ಅವನ ಮೇಲೆ ಎಸೆದೆ. ಅದು ಗೋಡೆಗೆ ಬಡಿಯಿತು. ನನ್ನ ಸಿಟ್ಟು ಊರಿಗೇ ಗೊತ್ತು, ಅವನಿಗೆ ಇನ್ನೂ ಚೆನ್ನಾಗಿ ಗೊತ್ತು. ಅವನು ಸೌಟು ಎತ್ತಿ ಒರೆಸಿ, ಜಾಗದಲ್ಲಿಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಕಟ್ಟೆಗೆ ಹೊರಟ. ಹಿಂದಿನಿಂದ ಪುಸ್ತಕ ಹಿಡಿದುಕೊಂಡು ನಾನೂ ಹೊರಟೆ. ನಡೆಯುತ್ತ ನಡೆಯುತ್ತ, ಇವನನ್ನು ಹೊತ್ತುಕೊಂಡು ಹೋಗಲಾರೆ, ಕಟ್ಟಿ ಎಳೆಯಲಾರೆ, ನನ್ನ ಹತ್ತಿರ ಇರುವುದೇನು ಎಂದು ಯೋಚಿಸಿದೆ. ಇದ್ದದ್ದು ಒಂದೇ ಮಾತು.

ನನ್ನ ಬಾವಲಿ ಮುದಿಯಾದದ್ದು, ಮೂಗಿನಲ್ಲಿ ಕರೆಯುತ್ತದೆ. ಅದು ‘ವನಮಾಲ’ ಎಂದಿತು. ನಾನು ಬಾಯಿ ಬಿಡಲಿಲ್ಲ. ಎರಡನೆಯ ಸಲಕ್ಕೆ ಜನ ತಿರುಗಿ ನೋಡಿದರು. ಮೂರನೆಯ ಸಲಕ್ಕೆ ನನ್ನ ಪಕ್ಕ ನಿಂತಿದ್ದವರು ದೂರ ಸರಿದರು. ದ್ಯಾವೀರಮ್ಮನ ಚಿತೆ ಇನ್ನೂ ಆರಿರಲಿಲ್ಲ. ‘ಏನಮ್ಮ, ಗಂಟಲು ಕಟ್ತಾ?’ ಎಂದು ಚೌಡಪ್ಪನವರು ದೂರದಿಂದಲೇ ಕೇಳಿದರು. ನಾನು ಎದ್ದುಹೋಗಿ ಕಟ್ಟೆಯ ಪಕ್ಕದ ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು, ಎಲ್ಲರೂ ನೋಡುವಂತೆ, ಒಂದೇ ಉಸಿರಿಗೆ ಕುಡಿದೆ. ಬಾಯೊರೆಸಿಕೊಂಡು ಹೇಳಿದೆ, ‘ಗಂಟಲು ಚೆನ್ನಾಗದೆ. ನನ್ ತಮ್ಮ ಸೂಜಿ ಹಾಕಿಸ್ಕೊಳ್ಳೋವರ್ಗೂ ನಾನು ಓಗೊಡಲ್ಲ.’ ಕುಳಿತು ನನ್ನ ಸಾಲಿನಲ್ಲಿ ಖಾಲಿ ಜಾಗ ಬಿಟ್ಟೆ.

ಕುಬೇರನ ಮುಖ ಬಿಳಿಚಿಕೊಂಡಿತು. ಮನೆಗೆ ಬಂದು ಬೇಡಿಕೊಂಡ, ಬೈದ, ಊಟ ಬಿಟ್ಟ. ನಾನು ತಟ್ಟೆ ತುಂಬ ಬಡಿಸಿಕೊಂಡು ಅವನೆದುರೇ ಉಂಡೆ. ಮೂರು ಸಂಜೆ ಎಂದರೆ ಇನ್ನೂ ಎರಡು ದಿನ, ಡಾಕ್ಟರು ಇವತ್ತೇ ಎಂದಿದ್ದರು. ಹಟ ಹಿಡಿದದ್ದು ನಾನು, ಅದರ ಬೆಲೆ ತೆರುವುದು ಅವನ ಮೈ. ಎರಡನೆಯ ಸಂಜೆಯೂ ಸುಮ್ಮನಿದ್ದೆ. ಅವತ್ತು ಹಿಂತಿರುಗುವಾಗ ಪಕ್ಕದ ಮನೆಯವಳು ನನ್ನನ್ನು ಕಂಡು ಮಾತಾಡಲೋ ಬೇಡವೋ ಎಂದು ತಡವರಿಸಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು.

ಮೂರನೆಯ ಸಂಜೆ ಕಟ್ಟೆಗೆ ಹೋದೆ. ಚೌಡಪ್ಪನವರು ಕೆಂಪು ಶಾಯಿಯ ಪೆನ್ನು ತಂದಿದ್ದರು. ಪುಸ್ತಕ ಬರೆಯುವವಳ ಹೆಸರಿನ ಮೇಲೆ ಅವಳೇ ಅಡ್ಡಗೆರೆ ಎಳೆಯುವಂತಿಲ್ಲವಲ್ಲ. ನನ್ನ ಬಾವಲಿ ಕರೆಯಿತು. ಕುಬೇರ ಎಲ್ಲೂ ಕಾಣಲಿಲ್ಲ. ಅವನು ಬಂದೇ ಇಲ್ಲವೇನೋ, ನನ್ನ ಹೆಸರು ಹೋಗುವುದನ್ನು ನೋಡಲಾರದೆ ಮನೆಯಲ್ಲೇ ಉಳಿದನೇನೋ ಅಂದುಕೊಂಡೆ. ಎರಡನೆಯ ಕರೆ ಬಂತು. ನಾಲಿಗೆ ತಾನಾಗಿ ಏಳುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ. ಆಗ ನಲ್ಲಿಯ ಕಡೆ ನೀರು ಬಿಟ್ಟ ಸದ್ದಾಯಿತು. ಎಲ್ಲರೂ ತಿರುಗಿದರು. ಕುಬೇರ ಚಹಾದಂಗಡಿಯ ಬಟ್ಟೆ ಸೋಪು ಹಿಡಿದು ಹೆಬ್ಬೆರಳನ್ನು ತಿಕ್ಕುತ್ತಿದ್ದ. ಅಷ್ಟು ದಿನ ಜೋಪಾನ ಮಾಡಿದ ಗುರುತು, ಚರ್ಮ ಕಿತ್ತುಬರುವ ಹಾಗೆ ತಿಕ್ಕುತ್ತಿದ್ದ.

‘ತೊಳ್ದೆ ಕಣಕ್ಕ! ಎಲ್ರೂ ನೋಡ್ಕೊಳ್ಳಿ, ತೊಳ್ದೆ! ಆಸ್ಪತ್ರೆಗೂ ಬರ್ತೀನಿ. ಹೇಳೇ, ಹೇಳು!’

ಬಾವಲಿ ಮೂರನೆಯ ಸಲ ಕರೆಯಿತು. ‘ಇದ್ದೀನಿ’ ಎಂದೆ. ಅದು ಮಾತಾಗಿರಲಿಲ್ಲ, ಅಳುವಾಗಿತ್ತು. ಗೀಟು ಹಾಕುವುದನ್ನೂ ಮರೆತು, ಪುಸ್ತಕವನ್ನು ಚೌಡಪ್ಪನವರ ಮಡಿಲಿಗೆ ಎಸೆದು ತಮ್ಮನ ಕೈ ಹಿಡಿದುಕೊಂಡು ಓಡಿದೆ. ಅದೇ ಮಣಿಕಟ್ಟು.

ಡಾಕ್ಟರ್ ಎಸ್ತರ್ ದೀಪ ಹಚ್ಚುತ್ತಿದ್ದರು. ಏನೂ ಕೇಳದೆ ಅವನನ್ನು ಬೆಂಚಿನ ಮೇಲೆ ಕೂರಿಸಿ, ಗಾಯವನ್ನು ಮತ್ತೊಮ್ಮೆ ಬಹಳ ಹೊತ್ತು ತೊಳೆದರು. ಇಂಜೆಕ್ಷನ್ ಸಿದ್ಧ ಮಾಡಿಟ್ಟು, ಚೀಟಿ ತೆಗೆದು ಪೆನ್ನು ಹಿಡಿದು ‘ಹೆಸರು?’ ಎಂದರು. ಅವನು ತಲೆ ತಗ್ಗಿಸಿ ಕೂತಿದ್ದ. ನಾನೇ ಹೇಳಿದೆ, ‘ಕುಬೇರ.’

ಅವರ ಕೈ ನಿಂತಿತು. ‘ಏನಂದ್ರಿ?’

‘ಕುಬೇರ. ಇವನ ಹೆಸ್ರು.’

ಅವರು ನಮ್ಮಿಬ್ಬರನ್ನೂ ನೋಡಿದರು. ‘ಹೆಸರಾ ಅದು? ಬುಟ್ಟೀಲಿ ಬಂದ ಐದರಲ್ಲಿ ಒಂದಕ್ಕೆ ಎಡಗಿವಿ ಸೀಳಿತ್ತು. ಮಿಕ್ಕವು ಸತ್ತ ಮೇಲೂ ಅದು ಎರಡು ದಿನ ಬದುಕಿತ್ತು. ಜೀವ ಹೋಗೋವರೆಗೂ ಅದೊಂದೇ ಮಾತನ್ನ ನೊರೆ ತುಂಬಿದ ಬಾಯಲ್ಲಿ ತೊದಲ್ತಾನೇ ಇತ್ತು. ನಿಮ್ಮೂರಲ್ಲಿ ಬಾವಲಿಗಳು ಏನೇನೋ ಹೇಳ್ತವೆ ಅಂತ ಕೇಳಿದ್ದೆ. ಇದು ನೀರು ಕೇಳ್ತಿದೆ ಅಂದ್ಕೊಂಡೆ. ನೀರು ಇಟ್ಟೆ, ಕುಡೀಲಿಲ್ಲ.’

ಬಾಯಿಗೆ ಬಂದ ಹೆಸರಲ್ಲ ಅದು. ಅದು ಅವನದೇ ಬಾವಲಿ. ಇಷ್ಟು ವರ್ಷ ಎಲ್ಲಿತ್ತೋ, ಸಾಯುವ ಕಾಲಕ್ಕೆ ಹುಚ್ಚು ಹಿಡಿದ ತಲೆಯಲ್ಲಿ ಅವನ ಹೆಸರನ್ನೇ ಹಿಡಿದುಕೊಂಡು, ಬಿಸಿಲಲ್ಲಿ ತೆವಳಿಕೊಂಡು, ಅವನ ಬಾಗಿಲಿಗೆ ವಿಷ ತಂದಿತ್ತು. ಕುಬೇರ ತಲೆಯೆತ್ತಿ, ‘ಎಷ್ಟು ಸಲ ಕರೀತು ಡಾಕ್ಟ್ರೇ?’ ಎಂದು ಕೇಳಿದ.

‘ಎಣಿಸಲಿಲ್ಲ ಕುಬೇರ’ ಎಂದರು ಅವರು. ಅವನು ತಾನೇ ಕೈ ಮುಂದೆ ಚಾಚಿದ. ಗಾಯದ ಸುತ್ತ ಸೂಜಿ ಇಳಿಯುವಾಗ ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಇದೆಲ್ಲ ಆಗಿ ಐದು ವಾರವಾಯಿತು. ಹೇಳಿದಷ್ಟು ಸೂಜಿಯೂ ಮುಗಿದಿದೆ. ಹಲ್ಲು ತಾಗಿಸಿಕೊಂಡಿದ್ದ ಬೇರೆ ಆರು ಜನ ಕತ್ತಲಾದ ಮೇಲೆ ಹಿಂಬಾಗಿಲಿಂದ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡು ಬಂದಿದ್ದಾರೆ, ಅವರಲ್ಲಿ ಚೌಡಪ್ಪನವರೂ ಒಬ್ಬರು. ಆದ್ದರಿಂದ ಪುಸ್ತಕದಿಂದ ಹೆಸರು ತೆಗೆಯುವ ಮಾತನ್ನು ಯಾರೂ ಎತ್ತುತ್ತಿಲ್ಲ. ಬಿದ್ದ ಬಾವಲಿಯನ್ನು ಈಗ ಯಾರೂ ಬರಿಗೈಯಲ್ಲಿ ಮುಟ್ಟುವುದಿಲ್ಲ. ಹಾಗಂತ ಮರ ಕಡಿಯುವ ಮಾತಾಡಿದವರನ್ನು ಡಾಕ್ಟರೇ ಗದರಿಸಿ ಕಳಿಸಿದರು. ಕುಬೇರ ಸಂಜೆ ಹೊತ್ತು ಕಟ್ಟೆಗೆ ಬಂದು ಅದೇ ಅಂಚಿನಲ್ಲಿ ನಿಲ್ಲುತ್ತಾನೆ. ಅವನನ್ನು ಕರೆಯುವುದು ಯಾವುದೂ ಇಲ್ಲ, ಇನ್ನು ಮುಂದೆಯೂ ಇರುವುದಿಲ್ಲ, ಅದು ಅವನಿಗೂ ಗೊತ್ತು.

ಕಾಯಿಲೆ ತಿಂಗಳುಗಟ್ಟಲೆ ಮೈಯಲ್ಲಿ ಅಡಗಿ ಕೂತಿರಬಲ್ಲದು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ದಿನಾ ಬೆಳಗ್ಗೆ ಅವನು ಎದ್ದ ಕೂಡಲೇ ಒಂದು ಚೊಂಬು ನೀರು ತಂದುಕೊಡುತ್ತೇನೆ. ಎದುರಿಗೆ ನಿಂತು ಅವನ ಗಂಟಲನ್ನೇ ನೋಡುತ್ತೇನೆ. ಅವನು ನಿಧಾನವಾಗಿ, ಪೂರ್ತಿ, ಒಂದು ಹನಿಯೂ ಉಳಿಯದಂತೆ ಕುಡಿಯುತ್ತಾನೆ. ಚೊಂಬು ಕೆಳಗಿಟ್ಟು ನನ್ನ ಮುಖ ನೋಡಿ, ಯಾರೂ ಕರೆಯದಿದ್ದರೂ, ‘ಇದ್ದೀನಿ’ ಅನ್ನುತ್ತಾನೆ.